ಚೌಕಟ್ಟಿನ ಎಡಗಡೆ

ಸಂಕಲನ ಕೊಠಡಿ,
ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಕಲ್ಲುಬಂಡೆಗೆ,

‘ಪ್ರೀತಿಯ’ ಎಂದು ಬರೆದು ಸ್ವಲ್ಪ ಹೊತ್ತು ಪೆನ್ನು ಹಿಡಿದುಕೊಂಡೇ ಕುಳಿತಿದ್ದೆ. ಬೇರೆ ಮನೆ ಮಾಡಿಕೊಂಡಿರುವ ಹೆಂಡತಿ ಗಂಡನಿಗೆ ಪತ್ರ ಬರೆಯುವಾಗ ಏನೆಂದು ಶುರು ಮಾಡಬೇಕೋ ನನಗೆ ಗೊತ್ತಿಲ್ಲ. ಹೊಡೆದುಹಾಕಿದರೆ ಹಾಳೆ ಗಲೀಜಾಗುತ್ತದೆ. ಇರಲಿ ಬಿಡು. ಖಾಲಿ ಮೆಮೊರಿ ಕಾರ್ಡುಗಳ ಪೆಟ್ಟಿಗೆಯಲ್ಲಿ ಎಂದಿನಂತೆ ನನ್ನ ಚೀಟಿ ಇರುತ್ತದೆ, ‘ಬಿಲದ ಬಾಯಿ ಇನ್ನಷ್ಟು ಹತ್ತಿರದಿಂದ ಬೇಕು, ಮೋಡ ಸಾಕು’ ಎಂದು ಎರಡು ಸಾಲು ಗೀಚಿರುತ್ತೇನೆ ಎಂದುಕೊಂಡಿರುತ್ತೀಯ. ಈ ಸಲ ಅದಲ್ಲ. ಉದ್ದವಾಗಿದೆ. ಚಹಾ ಕಾಸಿಕೊಂಡು ನೆರಳಲ್ಲಿ ಕೂತುಕೋ.

ಫೋನ್ ಮಾಡಬಹುದಿತ್ತಲ್ಲ ಎನ್ನಬೇಡ. ನಿಮ್ಮ ಬಿಡಾರದಲ್ಲಿ ಸಿಗ್ನಲ್ ಸಿಗಬೇಕಾದರೆ ಗುಡ್ಡ ಹತ್ತಬೇಕು. ಹತ್ತಿ ಮಾತಾಡಿದರೂ ನೀನು ಹೇಳುವುದು ‘ಹೂಂ’, ‘ಆಯ್ತು’, ‘ನೋಡೋಣ’. ಈ ಮೂರು ಮಾತಿನಲ್ಲೇ ನಮ್ಮ ಸಂಸಾರ ಸವೆದುಹೋಯಿತು. ಪತ್ರವಾದರೆ ನಾನು ಹೇಳಬೇಕಾದದ್ದನ್ನು ಹೇಳಿ ಮುಗಿಸುವವರೆಗೂ ನೀನು ಎದ್ದು ಹೋಗುವ ಹಾಗಿಲ್ಲ.

ನನಗೆ ಸುಸ್ತಾಗಿದೆ ಕಣೋ. ಈ ವನ್ಯಜೀವಿ ಸರಣಿ ಶುರುವಾದಾಗಿನಿಂದ ಕಿಟಕಿಯಿಲ್ಲದ ಈ ಕೋಣೆಯಲ್ಲಿ ಕೂತೇ ಭೂಮಿಯನ್ನೆಲ್ಲ ಸುತ್ತಿದ್ದೇನೆ. ಹಿಮ ಆಯಿತು, ಮರಳುಗಾಡು ಆಯಿತು, ಜೌಗು ಆಯಿತು, ಹುಲ್ಲುಗಾವಲು ಆಯಿತು. ಕುರ್ಚಿ ಮಾತ್ರ ಅದೇ. ಕೂತ ಸ್ವಲ್ಪ ಹೊತ್ತಿಗೆ ತಾನಾಗಿ ಕೆಳಗಿಳಿಯುತ್ತದೆ. ಸಂಜೆಯ ಹೊತ್ತಿಗೆ ನನ್ನ ಗದ್ದ ಮೇಜಿನ ಮಟ್ಟಕ್ಕೆ ಬಂದಿರುತ್ತದೆ. ಏಸಿಯಿಂದ ಸೋರುವ ನೀರಿಗೆ ಯಾರೋ ಬಣ್ಣದ ಡಬ್ಬಿ ಇಟ್ಟು ಹೋಗಿದ್ದಾರೆ, ತುಂಬಿದಾಗ ಚೆಲ್ಲುವ ಕೆಲಸ ನನ್ನದು. ಹೆಡ್‌ಫೋನಿನ ಸ್ಪಂಜು ಉದುರಿ ಕಿವಿಯ ಸುತ್ತ ಕಪ್ಪಗೆ ಮೆತ್ತಿಕೊಳ್ಳುತ್ತದೆ. ನಮ್ಮ ನಿರ್ದೇಶಕರು, ಅದೇ ನಮ್ಮ ‘ಇನ್ನೊಂಚೂರು’ ಸಾಹೇಬರು, ಬಾಗಿಲು ತೆರೆದು ತಲೆ ಮಾತ್ರ ಒಳಗೆ ಹಾಕಿ, “ಇನ್ನೊಂಚೂರು ಕರುಳು ಹಿಂಡೋ ಹಾಗೆ ಬೇಕಮ್ಮ” ಎಂದು ಹೇಳಿ ಹೋಗುತ್ತಾರೆ. ನನ್ನ ಕರುಳು ಹಿಂಡಿ ಮುಗಿದಿದೆ, ಇನ್ನು ಒಣಗಲು ಹಾಕುವುದಷ್ಟೇ ಬಾಕಿ ಎಂದು ಅವರಿಗೆ ಹೇಳುವವರಾರು?

ವಿಷಯಕ್ಕೆ ಬರುತ್ತೇನೆ. ಬರಲು ಮನಸ್ಸಿಲ್ಲ, ಅದಕ್ಕೇ ಇಷ್ಟು ಸುತ್ತಿ ಬಳಸಿದೆ.

ಇಷ್ಟು ವರ್ಷ ನೀನು ತೆಗೆದದ್ದನ್ನೆಲ್ಲ ಕತ್ತರಿಸಿ ಜೋಡಿಸಿದವಳು ನಾನು. ನಿನ್ನ ಮುಖಕ್ಕಿಂತ ನಿನ್ನ ಚೌಕಟ್ಟೇ ನನಗೆ ಹೆಚ್ಚು ಪರಿಚಯ. ನೀನು ಎಂದೂ ಪ್ರಾಣಿಯನ್ನು ನಟ್ಟನಡುವೆ ನಿಲ್ಲಿಸಿದವನಲ್ಲ. ಒಂದು ಕಡೆಗೆ ಸರಿಸಿ, ಇನ್ನೊಂದು ಕಡೆ ಜಾಗ ಬಿಟ್ಟು, ಅಲ್ಲಿಗೆ ಏನೋ ಬರುತ್ತದೆ ಎಂದು ಕಾಯುತ್ತಿದ್ದೆ. ಬರುತ್ತಲೂ ಇತ್ತು. ಅದು ನಿನಗೆ ಹೇಗೆ ತಿಳಿಯುತ್ತದೆ ಎಂದು ನಾನೊಮ್ಮೆ ಕೇಳಿದ್ದಕ್ಕೆ, ಒಂದು ಕಣ್ಣು ಕ್ಯಾಮೆರಾದಲ್ಲಿ, ಇನ್ನೊಂದು ಕಣ್ಣು ಹೊರಗೆ ಇಟ್ಟಿರುತ್ತೇನೆ ಎಂದಿದ್ದೆ. ನೀನು ನನ್ನ ಜೊತೆ ಆಡಿದ ಅತಿ ಉದ್ದದ ಮಾತುಗಳಲ್ಲಿ ಅದೂ ಒಂದು.

ಕಳೆದ ಮಳೆಗಾಲ ಮುಗಿದ ಮೇಲೆ ಬಂದ ಕಾರ್ಡುಗಳಲ್ಲಿ ಎಲ್ಲವೂ ನಡುವೆ ಬಂದು ನಿಂತಿವೆ. ಜಿಂಕೆ ನಡುವೆ, ಕೊಕ್ಕರೆ ನಡುವೆ, ಮುಳ್ಳುಹಂದಿ ನಡುವೆ. ಎಲ್ಲರೂ ಪಾಸ್‌ಪೋರ್ಟಿಗೆ ಫೋಟೋ ತೆಗೆಸಿಕೊಳ್ಳಲು ಬಂದ ಹಾಗೆ. ವಯಸ್ಸಾಯಿತು, ಕೆಲಸ ಬೇಜಾರಾಗಿದೆ ಎಂದು ಮೊದಲು ಅಂದುಕೊಂಡೆ. ಆಮೇಲೆ ಇದು ನನ್ನ ಮೇಲಿನ ಸಿಟ್ಟು, ನಾನು ಒದ್ದಾಡಲಿ ಎಂದೇ ಹೀಗೆ ತೆಗೆದು ಕಳಿಸುತ್ತಿದ್ದಾನೆ ಎಂದು ನಿನ್ನನ್ನು ಮನಸಾರೆ ಬೈದೆ. ಬೈದದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ.

ಅಷ್ಟರಲ್ಲಿ ಆ ನರಿ ಬಂತು. ಒಣಗಿದ ಹೊಳೆಯ ದಡದಲ್ಲಿ ಬಿಲ ಮಾಡಿಕೊಂಡಿತ್ತಲ್ಲ, ಆ ತಾಯಿ ನರಿ. ಮರಿಗಳು ಬಿಲದ ಬಾಯಲ್ಲಿ ಹಸಿದು ಕೂತಿವೆ, ನೀನು ಕ್ಯಾಮೆರಾವನ್ನು ಅವುಗಳ ಮೇಲೆ ಇಟ್ಟಿದ್ದೀಯ. ಚೌಕಟ್ಟಿನ ಎಡ ಅಂಚಿನಲ್ಲಿ ತಾಯಿಯ ಮೂತಿ ಕಾಣಿಸುತ್ತದೆ. ಬಾಯಲ್ಲಿ ಬೇಟೆ. ಅವಳು ಅಲ್ಲೇ ನಿಂತು ನಿನ್ನ ಕಡೆ ನೋಡುತ್ತಾಳೆ. ಇಡೀ ಕಂತಿಗೆ ಬೇಕಾಗಿದ್ದ ಗಳಿಗೆ ಅದು, ಅದಕ್ಕಾಗಿ ನೀನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದೆ. ಅವಳು ನಿಂತೇ ಇದ್ದಾಳೆ, ಕ್ಯಾಮೆರಾ ಕೂದಲೆಳೆಯಷ್ಟೂ ಅಲುಗುವುದಿಲ್ಲ. ಪುಣ್ಯಾತ್ಮ ನಿದ್ದೆ ಹೋಗಿಬಿಟ್ಟ ಎಂದುಕೊಂಡು ನಾನು ಧ್ವನಿ ಜೋರು ಮಾಡಿದೆ.

ಕ್ಯಾಮೆರಾದ ಮೈಕಿನಲ್ಲಿ ಬರುವ ಸದ್ದನ್ನು ನಾವು ಬಳಸುವುದಿಲ್ಲ. ನಿನ್ನ ಉಸಿರು, ಕೆಮ್ಮು, ಬಟ್ಟೆಯ ಸರಸರ ಎಲ್ಲ ಅದರಲ್ಲೇ ಇರುತ್ತದೆ. ಕಾಡಿನ ಸದ್ದನ್ನು ಬೇರೆಯಾಗಿ ಹಿಡಿದು ತರುತ್ತಾರೆ. ಹಾಗಾಗಿ ಅದನ್ನು ಕೇಳುವವಳು ನಾನೊಬ್ಬಳೇ, ಅಳಿಸುವವಳೂ ನಾನೇ. ಅದರಲ್ಲಿ ನಿನ್ನ ಜೀಪಿನ ಡ್ರೈವರ್ ಪಿಸುಗುಟ್ಟುತ್ತಿದ್ದರು. “ಸಾರ್, ಎಡಗಡೆ. ಎಡಗಡೆ ಬಂದಿದೆ ಸಾರ್. ಇನ್ನೂ ಎಡಕ್ಕೆ, ಆ ಬೇರಿನ ಪಕ್ಕ. ಅಯ್ಯೋ, ಕಾಣ್ತಿಲ್ವಾ ಸಾರ್?” ನೀನು ತಿರುಗಿಸುವಷ್ಟರಲ್ಲಿ ಬಾಲದ ತುದಿ ಮಾತ್ರ ಉಳಿದಿತ್ತು. “ಹೋಯ್ತಾ?” ಎಂದು ಕೇಳಿದೆ ನೀನು. ನಿನ್ನ ಬಾಯಲ್ಲಿ ಅಂಥ ಧ್ವನಿಯನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ಆಮೇಲೆ ಹಿಂದಿನ ಕಾರ್ಡುಗಳನ್ನೆಲ್ಲ ತೆಗೆದು, ಪರದೆ ಆರಿಸಿ, ಬರೀ ಸದ್ದು ಕೇಳಿದೆ. ಎಲ್ಲದರಲ್ಲೂ ಅವರಿದ್ದಾರೆ. “ಬಲಕ್ಕೆ ಸಾರ್, ಮರದ ಕೆಳಗೆ.” “ಈಗ ಹಾರತ್ತೆ, ರೆಡಿ ಇರಿ.” “ಕಾಲ ಹತ್ರ ಕಲ್ಲಿದೆ, ನಿಧಾನ.” ಕಲ್ಲಿನ ಮಾತು ಕೇಳಿದಾಗ ನನಗೆ ಅಳು ತಡೆಯಲಾಗಲಿಲ್ಲ. ಪ್ರಾಣಿ ಕಾಣದಿದ್ದರೆ ಹೋಗಲಿ, ಕಾಲ ಬುಡದ ಕಲ್ಲೂ ಕಾಣದ ಸ್ಥಿತಿಗೆ ಬಂದು, ಅದನ್ನು ಯಾರಿಗೂ ಹೇಳದೆ, ಮುಳ್ಳು ಗಿಡಗಳ ನಡುವೆ ಓಡಾಡಿಕೊಂಡಿದ್ದೀಯಲ್ಲ! ಡ್ರೈವರನ್ನು ಬೈಯಬೇಡ. ಅವರು ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ. ನಿನ್ನ ಗುಟ್ಟು ಹೇಳಿದ್ದು ನಿನ್ನದೇ ಮೈಕು.

ಇನ್ನು ನಾನು ಮಾಡಿದ ಘನಕಾರ್ಯ ಕೇಳು. ಆ ನರಿಯ ಜಾಗವನ್ನು ಖಾಲಿ ಬಿಡುವಂತಿರಲಿಲ್ಲ. ಬಿಟ್ಟರೆ ಸಾಹೇಬರು ಪೂರ್ತಿ ಕಾರ್ಡು ಹಾಕಿಸಿ ನೋಡುತ್ತಿದ್ದರು, ಆ ಪಿಸುಮಾತು ಅವರ ಕಿವಿಗೂ ಬೀಳುತ್ತಿತ್ತು. ನಮ್ಮ ಕೆಲಸದಲ್ಲಿ ಎರಡು ಮೂರು ಪ್ರಾಣಿ ಸೇರಿಸಿ ಒಂದು ತಾಯಿ ಮಾಡುವುದು ಹೊಸದೇನಲ್ಲ. ಒಂದರ ಮೂತಿ, ಇನ್ನೊಂದರ ನಡಿಗೆ, ಮತ್ತೊಂದರ ಮರಿಗಳು. ನೋಡುವವರು ಸೋಫಾದ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತಾರೆ. ಹಳೆಯ ಡಿಸ್ಕುಗಳ ಕಪಾಟು ತೆಗೆದು, ನಮ್ಮ ಮದುವೆಯ ಹೊಸತರಲ್ಲಿ ನೀನು ತೆಗೆದಿದ್ದ ಒಂದು ನರಿಯನ್ನು ಹುಡುಕಿ ತಂದೆ. ಬೇಟೆ ಕಚ್ಚಿಕೊಂಡು ಎಡಗಡೆಯಿಂದ ಬರುವವಳು, ನೆನಪಿರಬೇಕು. ಹುಲ್ಲಿನ ಬಣ್ಣ ಹೊಂದಿಸಲು ಇಡೀ ದಿನ ಹಿಡಿಯಿತು. ಹಳೆಯ ಚಿತ್ರ ಸ್ವಲ್ಪ ಮಸುಕಾಗಿತ್ತು, ಮೇಲೊಂದಿಷ್ಟು ಧೂಳು ಎಬ್ಬಿಸಿದೆ. ಆ ನರಿ ಸತ್ತು ಎಷ್ಟು ಕಾಲವಾಯಿತೋ, ಈಗ ಈ ಮರಿಗಳಿಗೆ ತಾಯಿಯಾಗಿ ಊಟ ತಂದುಕೊಡುತ್ತಿದೆ.

ಸಾಹೇಬರು ನೋಡಿದರು. ಮೊದಲ ಸಲ ‘ಇನ್ನೊಂಚೂರು’ ಎನ್ನಲಿಲ್ಲ. “ನೋಡಿದ್ರಾ! ಅದೇ ಕೈ, ಅದೇ ಕಣ್ಣು. ಒಂಚೂರೂ ಬದಲಾಗಿಲ್ಲ ಮನುಷ್ಯ” ಎಂದು ಚಪ್ಪಾಳೆ ತಟ್ಟಿದರು. ನಾನೂ ಒಳಗೊಳಗೇ ಹಿಗ್ಗಿದೆ, ಸುಳ್ಳೇಕೆ ಹೇಳಲಿ. ನಿನ್ನ ಮಾನ ಉಳಿಸಿದೆ ಎಂದು ಮನೆಗೆ ಹೋಗುತ್ತಾ ದಾರಿಯಲ್ಲಿ ಒಂದು ಕಪ್ ಐಸ್‌ಕ್ರೀಮ್ ಕೂಡ ತಿಂದೆ. ಮಾರನೆಯ ದಿನ ಗೊತ್ತಾಯಿತು, ಕೊನೆಯ ಕಂತಿನ ಕಡಲ ಬಂಡೆಯ ಕೆಲಸವನ್ನು ಬೇರೆಯವರಿಂದ ಕಿತ್ತು ನಿನಗೆ ಕೊಟ್ಟಿದ್ದಾರೆ. ಮೊದಲು ಹೋಗಬೇಕಿದ್ದವರು ಚಿಕ್ಕ ವಯಸ್ಸಿನವರು, ಹಗ್ಗದಲ್ಲಿ ಇಳಿದು ಅಭ್ಯಾಸ ಇದ್ದವರು. ಅದೆಲ್ಲ ಆ ನರಿಯ ಮುಂದೆ ಲೆಕ್ಕಕ್ಕೆ ಬರಲಿಲ್ಲ.

ನಿನ್ನನ್ನು ಆ ಬಂಡೆಗೆ ಕಳಿಸುತ್ತಿರುವುದು ಸಾಹೇಬರಲ್ಲ, ನಾನು.

ಆ ಜಾಗದ ಫೋಟೋಗಳನ್ನು ತರಿಸಿಕೊಂಡು ನೋಡಿದೆ. ಮೇಲಿನಿಂದ ಹಗ್ಗ ಕಟ್ಟಿಕೊಂಡು ಇಳಿದು, ಬಂಡೆಯ ಒಂದು ಚಾಚಿನ ಮೇಲೆ ಕೂರಬೇಕು. ಚಾಚು ನಮ್ಮ ಅಡಿಗೆಮನೆಯ ಕಟ್ಟೆಯಷ್ಟು ಅಗಲ. ಎದುರಿಗೆ ಕಡಲಹಕ್ಕಿಗಳ ಗೂಡುಗಳು, ಕೆಳಗೆ ಅಲೆ. ರೆಕ್ಕೆ ಬಲಿಯದ ಮರಿಗಳು ಅಲ್ಲಿಂದ ನೀರಿಗೆ ಜಿಗಿಯುತ್ತವಂತೆ, ಅದನ್ನು ತೆಗೆಯಬೇಕಂತೆ. ಡ್ರೈವರ್ ಪಕ್ಕದಲ್ಲಿ ಕೂತು ಪಿಸುಗುಟ್ಟಲು ಅಲ್ಲಿ ಜಾಗವಿಲ್ಲ. ಲೆನ್ಸ್ ಬದಲಿಸಲು ನೀನು ಎಡಕ್ಕೆ ಒರಗಿದರೆ ಅಲ್ಲಿ ಕಲ್ಲಿದೆಯೋ ಗಾಳಿಯಿದೆಯೋ ನಿನಗೆ ತಿಳಿಯುವುದಿಲ್ಲ. ಹಗ್ಗ ಇರುತ್ತದೆ ಎನ್ನುತ್ತೀಯ. ಚಿತ್ರ ಸಿಗದಿದ್ದಾಗ ನೀನು ಹಗ್ಗ ಬಿಚ್ಚಿಕೊಳ್ಳುವವನೇ ಎಂದು ನನಗೆ ಗೊತ್ತು. ಹಿಂದೊಮ್ಮೆ ಬಿಚ್ಚಿದ್ದೀಯ, ಆಗ ನಿನಗೆ ಕಣ್ಣು ನೆಟ್ಟಗಿತ್ತು.

ಸಾಹೇಬರಿಗೆ ಹೇಳಿಬಿಡೋಣವೆಂದು ಅವರ ಕೋಣೆಯ ಬಾಗಿಲವರೆಗೂ ಹೋಗಿದ್ದೆ. ಹಿಡಿಕೆಯ ಮೇಲೆ ಕೈ ಇಟ್ಟು ವಾಪಸ್ ಬಂದೆ. ಈ ಕೆಲಸದಲ್ಲಿ ನಾವಿರುವುದೇ ಬೆರಳೆಣಿಕೆಯ ಜನ. ಅವರ ಕಿವಿಗೆ ಬಿದ್ದ ಮಾತು ಮರುದಿನ ಎಲ್ಲರ ಬಾಯಲ್ಲೂ ಇರುತ್ತದೆ. ಆಮೇಲೆ ನಿನ್ನನ್ನು ಯಾರೂ ಕರೆಯುವುದಿಲ್ಲ. ಕರೆದರೂ ಸನ್ಮಾನಕ್ಕೆ ಕರೆಯುತ್ತಾರೆ. ಹೇಳಿದರೆ ನಿನ್ನ ಕೆಲಸ ಹೋಗುತ್ತದೆ, ಹೇಳದಿದ್ದರೆ ನೀನು ಹೋಗುತ್ತೀಯ. ಇದಕ್ಕೆ ಯಾವ ಕತ್ತರಿ ಹಾಕಿದರೂ ಒಳ್ಳೆಯ ಕೊನೆ ಬರುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನೀನೇ ಬರಬೇಕು. ಬಂಡೆಗೆ ನಾನು ಹೋಗುವುದಿಲ್ಲ ಎಂದು ನೀನೇ ಹೇಳಬೇಕು, ಸೊಂಟ ಹಿಡಿದಿದೆ ಎನ್ನು, ಇನ್ನೇನಾದರೂ ಎನ್ನು. ಆದರೆ ನೀನು ಬಂಡೆಗೇ ಹೊರಟೆ ಎಂದು ತಿಳಿದರೆ ನಾನು ಆ ಬಾಗಿಲು ತೆಗೆಯುತ್ತೇನೆ. ಆಮೇಲೆ ಜನ್ಮದಲ್ಲಿ ನೀನು ನನ್ನ ಮುಖ ನೋಡದಿದ್ದರೂ ಸರಿಯೇ.

ಈಗ ಸಮಾಧಾನದ ಮಾತು. ನಾನು ಸುಮ್ಮನೆ ಕೂತಿಲ್ಲ. ಸಂಕಲನ ಮುಗಿಯದ ಚಿತ್ರ ಹೊರಗೆ ಒಯ್ಯಬಾರದು ಎಂಬ ಕಟ್ಟುನಿಟ್ಟು ನಿನಗೂ ಗೊತ್ತು. ಆದರೂ ನಿನ್ನ ನರಿ, ಜಿಂಕೆ, ಕೊಕ್ಕರೆ ಎಲ್ಲವನ್ನೂ ಲ್ಯಾಪ್‌ಟಾಪಿಗೆ ಹಾಕಿಕೊಂಡು ಕಣ್ಣಿನ ಡಾಕ್ಟರ್ ಹತ್ತಿರ ಹೋದೆ. ರೋಗಿ ಎಲ್ಲಿ ಎಂದು ಕೇಳಿದರು. ರೋಗಿ ಬರುವವನಲ್ಲ, ಅವನು ನೋಡಿದ್ದನ್ನು ತಂದಿದ್ದೇನೆ ಎಂದೆ. ಆಯಮ್ಮ ನನ್ನ ತಲೆ ಸರಿಯಿದೆಯೇ ಎಂಬಂತೆ ನೋಡಿದರು. ಆಮೇಲೆ ಕುರ್ಚಿ ಎಳೆದುಕೊಂಡು ಪೂರ್ತಿ ನೋಡಿದರು, ಕೊಕ್ಕರೆಯದ್ದನ್ನು ಎರಡು ಸಲ ಹಾಕಿಸಿದರು. ಕೊನೆಗೆ ಹೇಳಿದ್ದಿಷ್ಟೇ: ಇದು ಪೊರೆ ಇರಬಹುದು. ಬಿಸಿಲಲ್ಲಿ ಬೆಂದ ಕಣ್ಣುಗಳಿಗೆ ಬೇಗ ಬರುತ್ತದಂತೆ. ಆಪರೇಶನ್ ಮಾಡಿಸಿ, ಒಂದಿಷ್ಟು ದಿನ ಕಪ್ಪು ಕನ್ನಡಕ ಹಾಕಿಕೊಂಡಿದ್ದರೆ ಮುಗಿಯಿತಂತೆ. ನೀರು ಕುಡಿದಷ್ಟು ಸುಲಭ. ನೀನು ಇಷ್ಟು ದಿನ ತಲೆ ಕೆಡಿಸಿಕೊಂಡದ್ದೆಲ್ಲ ದಂಡ. ಆದರೆ ತಡ ಮಾಡಬಾರದು, ಈ ವಾರವೇ ಬರಲಿ ಎಂದಿದ್ದಾರೆ. ಶುಕ್ರವಾರಕ್ಕೆ ನಿನ್ನ ಹೆಸರು ಬರೆಸಿ ಬಂದಿದ್ದೇನೆ.

ನನ್ನ ಮನೆಗೇ ಬಾ. ಹೋಟೆಲು, ಅತಿಥಿಗೃಹ ಎಂದು ನಾಟಕ ಆಡಬೇಡ. ಮೆಟ್ಟಿಲಲ್ಲಿ ದೀಪವಿರಲಿಲ್ಲ, ಮನೆಯೊಡತಿಯ ಹತ್ತಿರ ಜಗಳವಾಡಿ ಹಾಕಿಸಿದ್ದೇನೆ. ಮಂಚವನ್ನು ಬಚ್ಚಲಿನ ಹತ್ತಿರದ ಕೋಣೆಗೆ ಸರಿಸಿದ್ದೇನೆ. ಕಾಲಿಗೆ ಸಿಗುತ್ತಿದ್ದ ಚಿಕ್ಕ ಮೇಜನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟೆ, ಹೇಗೂ ಅದರ ಮೇಲೆ ಬರೀ ಹಳೆಯ ಪತ್ರಿಕೆಗಳಿದ್ದವು. ಇದರ ಅರ್ಥ ಎಲ್ಲ ಸರಿಹೋಯಿತು ಎಂದಲ್ಲ. ನಾನು ಮನೆ ಬಿಟ್ಟದ್ದು ಯಾಕೆಂದು ನಿನಗೆ ಇನ್ನೂ ತಿಳಿದಿಲ್ಲ ಎಂದು ಅನುಮಾನ. ತಿಂಗಳುಗಟ್ಟಲೆ ಕಾಡಿನಲ್ಲಿದ್ದು ಬಂದು, ನೀನು ನಮ್ಮದೇ ಅಡಿಗೆಮನೆಯಲ್ಲಿ ನಿಂತು ಲೋಟ ಎಲ್ಲಿಡುತ್ತೀರಿ ಎಂದು ಕೇಳಿದೆ. ‘ಇಡುತ್ತೀರಿ’ ಎಂದೆ, ಯಾರದೋ ಮನೆಗೆ ಬಂದವನ ಹಾಗೆ. ನಾನು ನಕ್ಕೆ, ಆಮೇಲೆ ನಗು ಬರಲಿಲ್ಲ. ಹಕ್ಕಿಯೊಂದು ಯಾವ ಕೊಂಬೆಗೆ ಬರುತ್ತದೆಂದು ತಿಳಿದವನಿಗೆ ಹೆಂಡತಿ ಲೋಟ ಎಲ್ಲಿಡುತ್ತಾಳೆಂದು ತಿಳಿಯದೇ ಹೋಯಿತಲ್ಲ ಎಂದು ಹೊಟ್ಟೆ ಉರಿಯಿತು. ಆ ಸಿಟ್ಟು ಈಗಲೂ ಇದೆ. ಭಯವೂ ಇದೆ, ಈಗ ಭಯವೇ ಹೆಚ್ಚು. ಹೇಳಬೇಕಾದ ಇನ್ನೊಂದು ಮಾತಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನೀನು ಎದುರಿಗೆ ಕೂತಾಗ ಹೇಳುತ್ತೇನೆ.

ಈ ಪೆಟ್ಟಿಗೆ ನಾಳೆ ನಿನ್ನ ಕೈ ಸೇರುತ್ತದೆ. ಭಾನುವಾರ ನಿಮ್ಮ ತಂಡ ಬಂಡೆಯ ಕಡೆ ಹೊರಡುತ್ತದೆ ಎಂದು ಕೇಳಿದ್ದೇನೆ. ನೀನು ಅದಕ್ಕೂ ಮೊದಲೇ ಜೀಪು ಹತ್ತಿ ಇತ್ತ ಬಾ. ಸಾಹೇಬರು ಬಾಗಿಲಲ್ಲಿ ತಲೆ ಹಾಕಿದ್ದಾರೆ, ಏನೋ ಇನ್ನೊಂಚೂರು ಬೇಕಂತೆ. ನಿಲ್ಲಿಸುತ್ತೇನೆ.

ದಾರಿ ನೋಡುತ್ತಿರುವ,
ನಿನ್ನ ಕತ್ತರಿ

(ಹಾಳೆಯ ಹಿಂಬದಿಯಲ್ಲಿ)

ವಿ.ಸೂ.: ಡ್ರೈವರ್ ಅಣ್ಣಾ, ಇದು ನಿಮಗೆ. ದಯವಿಟ್ಟು ಮನಸ್ಸಿನಲ್ಲೇ ಓದಿಕೊಳ್ಳಿ. ಈಚೆಗೆ ನನ್ನ ಚೀಟಿಗಳನ್ನು ಅವರಿಗೆ ಓದಿ ಹೇಳುತ್ತಿರುವವರು ನೀವೇ ಎಂದು ಗೊತ್ತು. ಹಿಂದಿನ ಸಲ ಕ್ಯಾಮೆರಾ ನಿಲ್ಲಿಸಲು ಮರೆತಿದ್ದಿರಿ, ನನ್ನ ಬೈಗುಳ ನಿಮ್ಮ ಧ್ವನಿಯಲ್ಲಿ ನನಗೇ ಕೇಳಿಸಿತು.

ಪೊರೆ ಎಂದು ಬರೆದದ್ದು ಸುಳ್ಳು. ಡಾಕ್ಟರ್ ಹಾಗೆ ಹೇಳಲಿಲ್ಲ. ಪರೀಕ್ಷೆ ಮಾಡದೆ ಖಂಡಿತ ಹೇಳಲಾರೆ, ಆದರೆ ಅಂಚಿನಿಂದ ಒಳಗೊಳಗೆ ಹಬ್ಬುವ ಈ ಕತ್ತಲೆ ಬೇರೆಯದೇ ಕಾಯಿಲೆ ಇರಬೇಕು ಎಂದರು. ಹೋದದ್ದು ಯಾವ ಆಪರೇಶನ್ನಿನಿಂದಲೂ ವಾಪಸ್ ಬರುವುದಿಲ್ಲವಂತೆ. ಉಳಿದಿರುವುದನ್ನಾದರೂ ಉಳಿಸಿಕೊಳ್ಳಬೇಕಾದರೆ ಒಂದು ದಿನವೂ ಕಳೆಯಬಾರದಂತೆ. ಮನೆಯಲ್ಲಿ ಯಾರಿಗಾದರೂ ಹೀಗಾಗಿತ್ತೇ ಎಂದು ಕೇಳಿದರು. ನನ್ನ ಮಾವನವರಿಗೆ ಆಗಿತ್ತು. ಕೊನೆಗೆ ಅವರು ಗೋಡೆ ಸವರಿಕೊಂಡು ನಡೆಯುತ್ತಿದ್ದರು, ಮಗ ಎದುರಿಗೆ ನಿಂತರೂ ಯಾರು ಬಂದದ್ದು ಎಂದು ಕೇಳುತ್ತಿದ್ದರು. ಇವರಿಗೆ ಅದೇ ಹೆದರಿಕೆ. ಆ ಕಾಯಿಲೆ ಎಂದು ತಿಳಿದರೆ ಇಲ್ಲಿಗೆ ಬರುವುದಿಲ್ಲ, ಕಣ್ಣಿರುವಾಗಲೇ ಆ ಮರಿಗಳ ಜಿಗಿತವನ್ನೊಂದು ತೆಗೆದುಬಿಡುತ್ತೇನೆ ಎಂದು ಈವತ್ತೇ ಆ ಬಂಡೆಗೆ ಹೊರಡುತ್ತಾರೆ. ಸರಿಹೋಗುತ್ತದೆ ಎಂಬ ಆಸೆ ಇದ್ದರೆ ಬರುತ್ತಾರೆ. ಬಂದ ಮೇಲೆ ಅವರ ಸಿಟ್ಟನ್ನೆಲ್ಲ ನಾನು ನೋಡಿಕೊಳ್ಳುತ್ತೇನೆ. ನೀವು ಜೀಪನ್ನು ಇತ್ತ ತಿರುಗಿಸಿದರೆ ಸಾಕು.

ಎದುರಿಗೇ ಹೇಳುತ್ತೇನೆಂದು ಉಳಿಸಿಕೊಂಡ ಮಾತು ಏನೆಂದು ನೀವು ಊಹಿಸಿರುತ್ತೀರಿ. ಅದನ್ನು ನಿಮ್ಮ ಬಾಯಲ್ಲಿ ಓದಿಸಿ ಇಬ್ಬರಿಗೂ ಮುಜುಗರ ಮಾಡುವುದು ಬೇಡವೆಂದು ಬರೆಯಲಿಲ್ಲ.

ಯಾಕೆ ಸುಮ್ಮನಾದಿರಿ ಎಂದು ಅವರು ಕೇಳಿದರೆ, ಪತ್ರ ಮುಗಿಯಿತು ಎನ್ನಿ.